ಎರಡು ತಾಲ್ಲೂಕಿನ ಲ್ಯಾಪ್‌ಟಾಪಿಗೆಲ್ಲ ಒಂದೇ ಮುಖ

ಲ್ಯಾಪ್‌ಟಾಪು ಮಾರಿ ಹೊಟ್ಟೆ ಹೊರೆಯುವವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಸಂಕಟ ಏನೆಂದರೆ, ಎಲ್ಲವೂ ನಡೆಯುವುದು ನನ್ನ ಅಂಗಡಿಯಲ್ಲಿ, ಹೆಸರು ಬರುವುದು ಎದುರಿನ ಅಂಗಡಿಯವನಿಗೆ.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ರಸ್ತೆ ದಾಟಿದರೆ ಅವನದು. ನಾನು ಮೊದಲು ಬಂದವನು, ಅವನು ಆಮೇಲೆ ಬಂದವನು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬು ಚೂಪು ಎಂದು ನಮ್ಮ ಕಡೆ ತೆಲುಗು ಮಾತಾಡುವವರು ಹೇಳುತ್ತಾರೆ. ಅವನ ಅಂಗಡಿ ಮುಂದೆ ಬೈಕು ನಿಲ್ಲಿಸಲು ಜಾಗ ಸಾಲದೆ ಜನ ನನ್ನ ಅಂಗಡಿ ಮುಂದೆ ನಿಲ್ಲಿಸಿ ಹೋಗುತ್ತಾರೆ. “ನಿಮಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚು” ಎನ್ನುತ್ತಾಳೆ ನನ್ನ ಹೆಂಡತಿ. ಇದೆ. ಇಲ್ಲ ಅಂದವರು ಯಾರು?

ಕಿಚ್ಚಿಗೆ ಕಾರಣವೂ ಇದೆ. ಪಕ್ಕದ ತಾಲ್ಲೂಕು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಕೇರಿಯವರು ಈಗ ಅಂಚಿನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸಲು ಶುರು ಮಾಡಿದ್ದಾರೆ. ಆ ಕೇರಿಯಲ್ಲಿ ಒಂದು ಮನೆಗೆ ಬಂದದ್ದು ಎಲ್ಲ ಮನೆಗೂ ಬಂದೇ ಬರುತ್ತದೆ. ಆ ಕೇರಿ ನನಗೆ ಸಿಕ್ಕಿದರೆ ಅಂಗಡಿ ನಿಲ್ಲುತ್ತದೆ. ಅವನಿಗೆ ಸಿಕ್ಕಿದರೆ ನಾನು ಲ್ಯಾಪ್‌ಟಾಪ್ ಮಾರುವುದನ್ನೇ ಬಿಡಬೇಕು. ಇದು ನಮ್ಮಿಬ್ಬರ ನಡುವಿನ ಯುದ್ಧ. ಯುದ್ಧ ನಡೆಯುತ್ತಿರುವುದು ಅವನಿಗೆ ಗೊತ್ತಿಲ್ಲ ಎನ್ನುವುದು ಬೇರೆ ಮಾತು.

ನೀನು ಯಾರು?

ಹಿಂದೆಲ್ಲ ಹೊಸ ಕಂಪ್ಯೂಟರ್ ಆನ್ ಮಾಡಿದರೆ ಸುಮ್ಮನೆ ತೆರೆದುಕೊಳ್ಳುತ್ತಿತ್ತು. ಈಗಿನದು ಹಾಗಲ್ಲ. ಮೊದಲು ಇಂಟರ್ನೆಟ್ ಕೊಡು ಅನ್ನುತ್ತದೆ. ಆಮೇಲೆ ಅಕೌಂಟ್ ಎಲ್ಲಿ ಅನ್ನುತ್ತದೆ. ಇಲ್ಲದಿದ್ದರೆ ಇಲ್ಲೇ ಮಾಡು, ಮಾಡಿ ಒಳಗೆ ಬಾ ಅನ್ನುತ್ತದೆ. ಬೇಡ ಎಂದು ಒತ್ತೋಣವೆಂದರೆ ಬಟನ್ನೇ ಇಲ್ಲ.

ದೇವಸಮುದ್ರದ ಕಡೆಯ ಕುರಿ ವ್ಯಾಪಾರಿಯೊಬ್ಬರು ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಂಡರು. ನಾನು ಡಬ್ಬ ಒಡೆದು, ಆನ್ ಮಾಡಿ, ಅವರ ಮುಂದಿಟ್ಟೆ.

“ಏನ್ ಕೇಳ್ತೈತ್ರಿ ಅದು?”

“ನೀವು ಯಾರು ಅಂತ ಕೇಳುತ್ತಿದೆ.”

“ನಾನ್ಯಾರಾದ್ರೆ ಅದಕ್ಕೇನ್ರಿ? ದುಡ್ ಕೊಟ್ಟೋನು ನಾನು. ಕುರಿ ತಗೊಂಡ್ರೆ ಕುರಿ ನನ್ ಹೆಸ್ರು ಕೇಳ್ತೈತಾ?”

ಅವರಿಗೆ ಇಮೇಲ್ ಇರಲಿಲ್ಲ. ಫೋನ್ ನಂಬರಿನಿಂದ ಅಕೌಂಟ್ ಮಾಡೋಣ, ಒಂದು ಕೋಡ್ ಬರುತ್ತದೆ ಎಂದೆ. ಅವರ ಹೆಸರಿನ ನಂಬರಿದ್ದ ಫೋನು ತಮ್ಮನ ಹತ್ತಿರವಿತ್ತು. ತಮ್ಮ ಕುರಿ ಹೊಡೆದುಕೊಂಡು ಗಡಿ ದಾಟಿ ಆಂಧ್ರದಲ್ಲಿದ್ದ. ನನ್ನ ಫೋನಿನಿಂದಲೇ ಅವನಿಗೆ ಕರೆ ಮಾಡಿದೆವು. ಪಾಪ, ಅವನು ಜೋರಾಗಿಯೇ ಓದಿ ಹೇಳಿದ.

“ಒಂಬತ್ತು... ನಾಕು... ಏಳು... ಹೇಯ್ ಹೇಯ್! ಹೊಲಕ್ಕೆ ನುಗ್ಗಿದ್ವು! ತಡಿಯಣ್ಣಾ!”

ಕುರಿಗಳನ್ನು ಹಿಂದಕ್ಕೆ ಅಟ್ಟಿ ಬರುವಷ್ಟರಲ್ಲಿ ಕೋಡು ಹಳೆಯದಾಗಿತ್ತು. ಹೊಸದು ತರಿಸಿದೆವು. ಮತ್ತೆ ನುಗ್ಗಿದವು. ಕೊನೆಗೆ ಯಂತ್ರ, ನೀವು ಬಹಳ ಸಲ ಪ್ರಯತ್ನಿಸಿದ್ದೀರಿ, ನಾಳೆ ಬನ್ನಿ ಎಂದು ಬಾಗಿಲು ಹಾಕಿಕೊಂಡಿತು.

ವ್ಯಾಪಾರಿ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಸ್ತೆ ದಾಟಿದರು. ಸ್ವಲ್ಪ ಹೊತ್ತಿಗೆ ನಗುತ್ತ ವಾಪಸು ಬಂದು ನನಗೆ ತೆರೆದು ತೋರಿಸಿದರು. ಪರದೆಯ ಮೇಲೆ ಎದುರಿನವನ ಫೋಟೋ, ಕಪ್ಪು ಕನ್ನಡಕ ಹಾಕಿ, ಎದೆಯ ಮೇಲೆ ಕೈಕಟ್ಟಿ ನಿಂತದ್ದು. ಕೆಳಗೆ ಅವನ ಹೆಸರು. ಗಿರಾಕಿಯ ಯಂತ್ರಕ್ಕೆ ಭೂಪ ತನ್ನದೇ ಅಕೌಂಟ್ ಹಾಕಿ ಕಳಿಸಿದ್ದ!

“ಹಿಂಗೆಲ್ಲ ಮಾಡಬಾರದು. ಒಬ್ಬರ ಅಕೌಂಟು ಇನ್ನೊಬ್ಬರ ಯಂತ್ರಕ್ಕೆ ಹಾಕೋದು ತಪ್ಪು. ನಾನು ಯಾವತ್ತೂ ಹಾಕೋನಲ್ಲ” ಎಂದೆ. ಅದು ನನ್ನ ತತ್ವ. ನನ್ನ ಅಕೌಂಟಿನ ಪಾಸ್‌ವರ್ಡು ನನಗೆ ಮರೆತುಹೋಗಿದ್ದರಿಂದ ಆ ತತ್ವವನ್ನು ಪಾಲಿಸುವುದು ಕಷ್ಟವೂ ಆಗಿರಲಿಲ್ಲ.

“ಅದೆಲ್ಲ ನನಗೆ ತಿಳಿಯಲ್ರಿ,” ಎಂದರು ವ್ಯಾಪಾರಿ. “ನಿಮ್ ಹತ್ರ ಬಂದ್ರೆ ನೀವ್ಯಾರು ಅಂತ ಕೇಳಿದ್ರಿ. ಅವ್ನು ಟೀ ಕುಡೀತೀರಾ ಅಂತ ಕೇಳ್ದ.”

ದೇವರ ಹುಟ್ಟಿದ ದಿನ

ನನ್ನಿವಾಳದ ಕಡೆಯ ಹಟ್ಟಿಯೊಂದರಿಂದ ಹಿರಿಯರು ಬಂದರು. ದೇವರಿಗೆ ಬಿಟ್ಟ ಎತ್ತುಗಳನ್ನು ಸಾಕುವ ಹಟ್ಟಿ ಅದು. ಎತ್ತುಗಳ ಮೇವಿಗೆ ಅರ್ಜಿ ಹಾಕಲು ಹಟ್ಟಿಯವರೆಲ್ಲ ಸೇರಿ ಲ್ಯಾಪ್‌ಟಾಪ್ ಕೊಂಡಿದ್ದರು.

ಅಕೌಂಟನ್ನು ಯಾರ ಹೆಸರಿಗೆ ಮಾಡಲಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಹೆಸರು ಹಾಕಿದರೂ ಉಳಿದವರು ರಾತ್ರಿ ಮುನಿಸಿಕೊಳ್ಳುವುದು ಖಂಡಿತ. ಕೊನೆಗೆ ಎತ್ತು ಮೇಯಿಸುವ ಕಿಲಾರಿ ಅಜ್ಜ ತೀರ್ಮಾನ ಕೊಟ್ಟ.

“ಎತ್ತು ದೇವ್ರವು. ಎತ್ತಿನ ಸಲುವಾಗಿ ತಂದ ಇದೂ ದೇವ್ರದೇ. ದೇವ್ರ ಹೆಸ್ರಿಗೇ ಮಾಡಪ್ಪ.”

ಸರಿ, ದೇವರ ಹೆಸರು ಟೈಪ್ ಮಾಡಿದೆ. ಯಂತ್ರ ಮನೆತನದ ಹೆಸರು ಕೇಳಿತು. ಹಟ್ಟಿಯ ಹೆಸರು ಹಾಕಿದೆವು. ಒಪ್ಪಿತು. ಆಮೇಲೆ ಹುಟ್ಟಿದ ತಾರೀಕು ಕೇಳಿತು.

“ದೇವ್ರು ಹುಟ್ಟಲ್ಲಪ್ಪ,” ಎಂದ ಅಜ್ಜ. “ಇರ್ತಾನೆ.”

ಖಾಲಿ ಬಿಟ್ಟು ನೋಡಿದೆ. ಮುಂದಕ್ಕೆ ಬಿಡಲಿಲ್ಲ. ಏನಾದರೊಂದು ವರ್ಷ ಹೇಳಲೇಬೇಕು ಎಂದಾಗ ಅಜ್ಜ ಬಹಳ ಯೋಚನೆ ಮಾಡಿ, “ಗುಡಿಗೆ ಹೊಸ ಬಾಗ್ಲು ಕೂಡ್ಸಿದ ವರ್ಷ ಹಾಕು, ಅದು ನಂಗೆ ಚೆನ್ನಾಗಿ ನೆಪ್ಪೈತೆ” ಎಂದ. ಬಾಗಿಲು ಕೂಡಿಸಿ ಬಹಳ ಕಾಲವಾಗಿರಲಿಲ್ಲ. ಹಾಕಿದೆ. ಯಂತ್ರ ಒಂದು ಗಳಿಗೆ ಸುತ್ತಿ ಸುತ್ತಿ ಹೊಸ ಪುಟ ತೋರಿಸಿತು. ನಾನು ಅದನ್ನು ಎರಡು ಸಲ ಓದಿದೆ.

“ಏನಂತೈತೆ?”

“ಇನ್ನೂ ಚಿಕ್ಕ ಮಗು ಅನ್ನುತ್ತಿದೆ. ಅಪ್ಪನೋ ಅವ್ವನೋ ಯಾರಾದರೂ ಬಂದು ಒಪ್ಪಿಗೆ ಕೊಡಬೇಕಂತೆ.”

ಹಿರಿಯರು ಎದ್ದು ಹೆಗಲ ಮೇಲಿನ ಟವಲು ಕೊಡವಿಕೊಂಡರು. ಆಮೇಲೆ ಅವರು ಯಾವ ದಿಕ್ಕಿಗೆ ಹೋದರೆಂದು ನಾನು ಹೇಳಬೇಕಾಗಿಲ್ಲ.

ಮುಂದೆ ಯಾವುದೋ ಕೆಲಸಕ್ಕೆ ಆ ಹಟ್ಟಿಗೆ ಹೋಗಿದ್ದೆ. ಲ್ಯಾಪ್‌ಟಾಪನ್ನು ಶುದ್ಧವಾದ ಜಾಗದಲ್ಲಿ, ಗುಡಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು. ಅಂಚಿಗೆ ಕುಂಕುಮವಿತ್ತು. ಅಜ್ಜ ತೆರೆದ. ಪರದೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಎದುರಿನವನು ಪ್ರತ್ಯಕ್ಷನಾದ. ಅಜ್ಜ ಕೈಮುಗಿದ.

“ಅಜ್ಜಾ, ಅವನಿಗ್ಯಾಕೆ ಕೈಮುಗೀತೀಯ?”

“ನಾನು ಮುಗಿಯೋದು ದೇವ್ರಿಗೇ ಕಣಪ್ಪ. ಮಧ್ಯ ಅವ್ನು ನಿಂತವ್ನಲ್ಲ, ಅವ್ನಿಗೂ ಒಂದಿಷ್ಟು ತಗುಲ್ತೈತೆ.”

ರಾಂಪುರದ ಅಜ್ಜಿ

ಆಮೇಲಂತೂ ಎಲ್ಲಿ ಹೋದರೂ ಅವನೇ. ರಿಪೇರಿಗೆಂದು ಕೈಗೆ ಬಂದ ಯಂತ್ರ ತೆರೆದರೆ ಅವನು. ಮದುವೆಯ ಊಟಕ್ಕೆ ಹೋದರೆ, ಮುಯ್ಯಿ ಬರೆದುಕೊಳ್ಳುವವನ ಲ್ಯಾಪ್‌ಟಾಪಿನಲ್ಲಿ ಅವನು. ಚುನಾವಣೆಗೆ ನಿಂತವರ ಫೋಟೋ ಕೂಡ ಇಷ್ಟು ಮನೆಗೆ ಹೋಗುವುದಿಲ್ಲ. ಅವರದನ್ನು ಮಳೆಯಾದರೂ ತೊಳೆಯುತ್ತದೆ.

ರಾಂಪುರದ ಗೊಬ್ಬರದ ಅಂಗಡಿಯವರ ಮನೆಗೆ ಪ್ರಿಂಟರ್ ಜೋಡಿಸಲು ಹೋದೆ. ಲ್ಯಾಪ್‌ಟಾಪ್ ತೆರೆದಾಗ ಮಂಚದ ಮೇಲೆ ಕೂತಿದ್ದ ಅವರ ತಾಯಿ, ಹಣ್ಣು ಹಣ್ಣು ಮುದುಕಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಈ ಕಂಪೂಟ್ರು ಕಂಡುಹಿಡಿದೋನು ಇವ್ನೇ ಅಲ್ವೇನಪ್ಪಾ?”

“ಅಲ್ಲಜ್ಜಿ. ಇವನು ಬರೀ ಮಾರೋನು.”

“ಸುಳ್ ಹೇಳ್ಬ್ಯಾಡ. ಮಾರೋನ ಫೋಟೋ ಯಾರಾದ್ರೂ ಹಾಕ್ತಾರಾ? ನನ್ ಮಗ್ಳ ಮನೇಲೂ ಇವ್ನೇ ಅವ್ನೆ, ಮೊಮ್ಮಗ್ಳ ಮನೇಲೂ ಇವ್ನೇ ಅವ್ನೆ.” ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀನೂ ಮಾರ್ತೀಯಂತಲ್ಲ. ನಿನ್ ಫೋಟೋ ಎಲ್ಲೈತೆ?”

ನಾನು ವೈರು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಮಗ ಸಮಾಧಾನ ಮಾಡಲು ಬಂದ. “ಅವ್ವಾ, ಆ ಫೋಟೋದೋನು ಚಳ್ಳಕೆರೆಯೋನೇ. ಇವರ ಅಂಗಡಿ ಎದುರಿಗೇ ಅವನ ಅಂಗಡಿ.”

ಅಜ್ಜಿಯ ದನಿ ಮೆತ್ತಗಾಯಿತು.

“ಹಂಗಾ? ಪುಣ್ಯವಂತ ಕಣಪ್ಪ ನೀನು. ದಿನಾ ನೋಡ್ತೀಯ.”

ನವಿಲಿನ ಕೊಕ್ಕಿನ ಮೊಗ್ಗು

ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಮೊದಲು ಲ್ಯಾಪ್‌ಟಾಪ್ ಕೊಂಡವರು ಅಣ್ಣತಮ್ಮಂದಿರು. ಪಾಲಾಗಿ, ಮಾತು ಬಿಟ್ಟು, ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡವರು. ಅಣ್ಣ ಕೊಂಡನೆಂದು ತಮ್ಮ ಕೊಂಡ. ಇಬ್ಬರೂ ಕೊಂಡದ್ದು ಎದುರಿನವನ ಹತ್ತಿರ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹೀಗಿರುವಾಗ ಅಣ್ಣನಿಂದ ಫೋನು ಬಂತು.

“ಸ್ವಾಮೇರ, ನಮ್ ಮನೇಲಿ ಕಳ್ತನ ಆಗೈತೆ. ನಾನು ಬರ್ದ ನವಿಲು ನನ್ ತಮ್ಮನ ಸೀರೆ ಅಂಚಲ್ಲಿ ಕುಂತೈತೆ. ಲ್ಯಾಪ್‌ಟಾಪ್ ಮಾರಿದೋನ್ನೇ ಕರೆಸಾಣ ಅಂದ್ರೆ ತಮ್ಮನಿಗೂ ಅವ್ನೇ ಮಾರವ್ನೆ, ನಂಬ್ಕೆ ಇಲ್ಲ. ನೀವ್ ಬರ್ರಿ.”

ಹೋದೆ. ಅಣ್ಣ ಸೀರೆ ಹಾಸಿ ತೋರಿಸಿದ. ಅಂಚಿನುದ್ದಕ್ಕೂ ನವಿಲು. ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡುತ್ತಿದೆ, ಕೊಕ್ಕಿನಲ್ಲಿ ಮಲ್ಲಿಗೆ ಮೊಗ್ಗು. ಗೋಡೆಯಾಚೆಯ ಸೀರೆಯಲ್ಲೂ ಅದೇ ನವಿಲು, ಅದೇ ಮೊಗ್ಗು. ತಮ್ಮ ಗೋಡೆಯ ಆಚೆಯಿಂದಲೇ, ಕದ್ದದ್ದು ಅಣ್ಣ ಎಂದು ಕೂಗುತ್ತಿದ್ದ.

ನಾನು ಲ್ಯಾಪ್‌ಟಾಪ್ ತೆರೆದೆ. ಅವನ ಮುಖ. ಪಕ್ಕದ ಮನೆಗೆ ಹೋಗಿ ತೆರೆದೆ. ಅವನ ಮುಖ. ಆಗ ನನಗೆ ಹೊಳೆಯಿತು. ಅಕೌಂಟ್ ಒಂದೇ ಆದ್ದರಿಂದ ಒಂದು ಮನೆಯಲ್ಲಿ ಇಟ್ಟ ಚಿತ್ರ ಇಂಟರ್ನೆಟ್ಟಿನಲ್ಲಿ ಹತ್ತಿ ಇನ್ನೊಂದು ಮನೆಯಲ್ಲಿ ಇಳಿಯುತ್ತಿತ್ತು! ಇಷ್ಟು ಕಾಲ ಕಂಡರೆ ಮೈ ಉರಿಯುತ್ತಿದ್ದ ಆ ಮುಖ ಅವತ್ತು ಮೊದಲ ಸಲ ಚೆಂದ ಕಂಡಿತು. ಇವನ ಕಥೆ ಮುಗಿಯಿತು, ಕೇರಿ ನನ್ನದಾಯಿತು ಅಂದುಕೊಂಡೆ.

ಇಬ್ಬರಿಗೂ ಬಿಡಿಸಿ ಹೇಳಿದೆ. ಸ್ವಲ್ಪ ಒಗ್ಗರಣೆಯನ್ನೂ ಹಾಕಿದೆ. “ನಿಮ್ಮ ಮನೆಯ ಗುಟ್ಟನ್ನು ರಟ್ಟು ಮಾಡಿದವನನ್ನು ಸುಮ್ಮನೆ ಬಿಡಬಾರದು. ಈಗಲೇ ಹೋಗಿ ಕೇಳೋಣ. ಬಾಡಿಗೆ ಕಾರು ನಾನು ಮಾಡುತ್ತೇನೆ.” ಇಬ್ಬರೂ ಸಾಕ್ಷಿಗೆ ತಂತಮ್ಮ ಸೀರೆ ಕಂಕುಳಲ್ಲಿ ಹಿಡಿದು ಹೊರಟರು. ಆ ಕಿಟಕಿಗೆ ಅಣ್ಣ, ಈ ಕಿಟಕಿಗೆ ತಮ್ಮ, ನಡುವೆ ನಾನು ಗೋಡೆ.

ಪಕ್ಕದ ಹಾನಗಲ್ ಹಳ್ಳಿ ದಾಟಿದೆವು. ಆಮೇಲೆ ಅಣ್ಣ ಕಿಟಕಿಯ ಕಡೆ ನೋಡುತ್ತಲೇ ಗೊಣಗಿದ. “ನಾನು ನವಿಲಷ್ಟೇ ಬರ್ದಿದ್ದು. ಮಾರ್ನೇ ದಿನ ಕೊಕ್ಕಲ್ಲಿ ಮೊಗ್ಗಿತ್ತು. ನಮ್ಮನೆಯೋಳು ಹಾಕವ್ಳೆ ಅಂದ್ಕಂಡೆ.”

“ಮೊಗ್ಗು ನಾನು ಹಾಕಿದ್ದು,” ಎಂದ ತಮ್ಮ. “ನವಿಲು ಎಲ್ಲಿಂದ ಬಂತೋ ಅಂತಿದ್ದೆ. ನನ್ ಮಗ ಬರ್ದವ್ನೆ ಅಂದ್ಕಂಡು ಖುಷಿಯಾಗಿತ್ತು.”

“ಏಮಿರಾ, ಕುತ್ತಿಗೆ ತಿರುಗ್ಸಿದ್ದು ನೋಡಿದ್ರೆ ತಿಳೀಲಿಲ್ವಾ? ಅಪ್ಪ ನವಿಲು ಬರ್ಯೋವಾಗ ಹಂಗೇ ಅಲ್ವಾ ತಿರುಗಿಸ್ತಿದ್ದದ್ದು?”

“ತಿಳೀತು. ಅದಕ್ಕೇ ಅಳ್ಸಾಕೆ ಮನ್ಸು ಬರ್ಲಿಲ್ಲ.”

ನನಗೆ ಭಯ ಶುರುವಾಯಿತು. “ಆ ಎದುರಿನವನು...” ಎಂದು ನೆನಪಿಸಲು ಹೋದೆ. ಇಬ್ಬರೂ ಒಟ್ಟಿಗೆ, “ನೀವ್ ಸುಮ್ನಿರ್ರಿ” ಎಂದರು. ದಾರಿಯ ತಳಕು ಊರಿನಲ್ಲಿ ತಮ್ಮನೇ ಕಾರು ನಿಲ್ಲಿಸಲು ಹೇಳಿ ಅಣ್ಣನಿಗೆ ಇಷ್ಟ ಎಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿದ. ಇಬ್ಬರೂ ಒಂದೇ ಪೊಟ್ಟಣಕ್ಕೆ ಕೈ ಹಾಕಿ ತಿಂದರು. ಪೊಟ್ಟಣ ಇದ್ದದ್ದು ನನ್ನ ತೊಡೆಯ ಮೇಲೆ.

ಅಂಗಡಿಗೆ ನುಗ್ಗಿದ ನಮ್ಮನ್ನು ಕಂಡು ಎದುರಿನವನ ಮುಖ ಬಿಳಿಚಿತು. “ಕೇಳ್ರಿ ಅವನನ್ನ!” ಎಂದೆ ನಾನು. ಅಣ್ಣ ಸೀರೆ ಬಿಚ್ಚಿದ. ಮಡಿಕೆ ಹಾಕಿ ಶಾಲಿನ ಹಾಗೆ ಅವನ ಹೆಗಲಿಗೆ ಹೊದಿಸಿದ.

“ಊರ ಹಿರೇರು ಪಂಚಾಯ್ತಿ ಮಾಡಿ ಸೋತಿದ್ರು. ನಿನ್ ಅಕೌಂಟು ನಮ್ಮಿಬ್ರನ್ನೂ ಒಂದ್ ಮಾಡ್ತು.”

“ನಮ್ ಕೇರೀಲಿ ಮಾತು ಬಿಟ್ಟೋರು ಇನ್ನೂ ಬಾಳ ಜನ ಅವ್ರೆ,” ಎಂದ ತಮ್ಮ. “ಎಲ್ರನ್ನೂ ನಿನ್ ಹತ್ರಾನೇ ಕಳಿಸ್ತೀವಿ.”

ಎದುರಿನವನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಸನ್ಮಾನವನ್ನು ಬಿಡುವವನಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಅಣ್ಣತಮ್ಮಂದಿರ ನಡುವೆ ನಿಂತ. ಮೂವರೂ ಸುತ್ತ ನೋಡಿದರು. ಖಾಲಿ ಕೈಯಲ್ಲಿ ನಿಂತಿದ್ದವನು ನಾನೊಬ್ಬನೇ. ಎದುರಿನವನು ತನ್ನ ಫೋನನ್ನು ನನ್ನ ಕೈಗಿಟ್ಟ.

“ಅಣ್ಣಾ, ಒಂದ್ ಫೋಟೋ.”

ತೆಗೆದೆ. ಅವತ್ತು ಸಂಜೆಯೇ ಅವನು ಅಕೌಂಟಿನ ಹಳೆಯ ಫೋಟೋ ತೆಗೆದು ಇದನ್ನು ಹಾಕಿದ. ಎರಡು ತಾಲ್ಲೂಕಿನ ಮನೆಮನೆಯಲ್ಲೂ ಅವನ ಸನ್ಮಾನ ಮೂಡಿತು.

ಮೊಳಕಾಲ್ಮೂರಿನ ಕೇರಿಯವರು ಈಗ ಬಸ್ಸಿಳಿದು ನೇರ ಅವನ ಅಂಗಡಿಗೇ ಹೋಗುತ್ತಾರೆ. ನಾನು ಲ್ಯಾಪ್‌ಟಾಪ್ ಬಿಟ್ಟು ಪ್ರಿಂಟರ್ ಹಿಡಿದಿದ್ದೇನೆ. ಅದು ಸದ್ಯಕ್ಕೆ ಯಾರ ಹೆಸರನ್ನೂ ಕೇಳುತ್ತಿಲ್ಲ.

ಮೊನ್ನೆ ಶಾಯಿ ತುಂಬಲು ರಾಂಪುರದ ಗೊಬ್ಬರದ ಅಂಗಡಿಯವರ ಮನೆಗೆ ಹೋಗಿದ್ದೆ. ಅಜ್ಜಿ ನನ್ನ ಕೈ ಹಿಡಿದು ಎಳೆದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು.

“ಕಂಪೂಟ್ರು ಕಂಡುಹಿಡಿದೋನಿಗೆ ಸೀರೆ ಹೊದಿಸವ್ರೆ, ನೋಡ್ದ್ಯಾ?”

“ನೋಡಿದ್ದೀನಜ್ಜಿ. ಫೋಟೋ ತೆಗೆದವನೇ ನಾನು.”

ಅಜ್ಜಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. “ಈ ಮೂಲೇಲಿ ದಪ್ಪಕ್ಕೆ, ಕರ್ರಗೆ ಏನೋ ಐತಲ್ಲ. ಏನಪ್ಪ ಅದು?”

ನಾನೂ ಬಗ್ಗಿ ನೋಡಿದೆ. ಅಂಚಿನಲ್ಲಿ, ಅಣ್ಣನ ಭುಜಕ್ಕೆ ಅಡ್ಡವಾಗಿ ಬಂದದ್ದು ಗುರುತಾಯಿತು.

“ಹೆಬ್ಬೆರಳು, ಅಜ್ಜಿ. ನಂದು.”

ಅಜ್ಜಿ ನನ್ನ ಬೆನ್ನು ಸವರಿದಳು.

“ಅಳಬ್ಯಾಡ. ನೋಡು, ನಿನ್ ಫೋಟೋನೂ ಬಂತು.”