ಶಾಮಿಯಾನದವ ಟೆಂಟಿಗೆ ಜಾಗ ಹುಡುಕಿದ್ದು

ನನ್ನ ಕೆಲಸವೇ ಹಾಗೆ ಮಾರಾಯ್ರೆ, ಎಲ್ಲಿ ಗೂಟ ಹೊಡೆದರೂ ಅಲ್ಲೊಂದು ಕತೆ ಹುಟ್ಟುತ್ತದೆ. ಮೆಲ್ಕಾರಿನಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಉಂಟು. ಮದುವೆಯಿರಲಿ, ಸತ್ತವರ ಬೊಜ್ಜವಿರಲಿ, ಜಾಗಕ್ಕೆ ಕಾಲಿಟ್ಟ ಕೂಡಲೇ ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಹೇಳಿಬಿಡುತ್ತೇನೆ. ಆ ಜಂಬ ನನಗೆ ಉಂಟು. ಇರಲಿ, ಸಂಪಾದಿಸಿದ ಜಂಬ.

ಈ ಸಲ ಮೇ ತಿಂಗಳಲ್ಲಿ ಸೋಮವಾರವೂ ಸೇರಿ ಉದ್ದದ ರಜೆ ಬಂತು. ಮದುವೆಗೆ ಮುಹೂರ್ತವೂ ಇರಲಿಲ್ಲ. ಹೆಂಡತಿ ಹೇಳಿದಳು, "ಊರಿಗೆಲ್ಲ ಚಪ್ಪರ ಹಾಕ್ತೀರಿ. ನನಗೊಂದು ಟೆಂಟು ಹಾಕಿಕೊಡಿ ನೋಡುವ. ಒಂದೇ ಒಂದು ರಾತ್ರಿ ನಾನು ಅಡುಗೆಮನೆ ಇಲ್ಲದ ಜಾಗದಲ್ಲಿ ಮಲಗಬೇಕು."

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನನಗೆ ಪಾಪ ಅನ್ನಿಸಿತು. "ಅದೆಂತ ದೊಡ್ಡ ವಿಷಯ? ಜಾಗ ಹುಡುಕಲಿಕ್ಕೆ ನಾನಿದ್ದೇನಲ್ಲ!" ಎಂದೆ. ಇಬ್ಬರು ಮಲಗುವಷ್ಟು ಸಣ್ಣ ಟೆಂಟು ತರಿಸಿದೆ. ಶುಕ್ರವಾರ ಮಧ್ಯಾಹ್ನ ಬೆನ್ನಿಗೆ ಬ್ಯಾಗು ಏರಿಸಿ ಹೊರಟೆವು. ಸ್ವಲ್ಪ ದೂರ ಬಸ್ಸು, ಉಳಿದದ್ದು ನಡಿಗೆ.

೧. ಮನೆ ಇರುವಾಗ

ವಿಟ್ಲದಿಂದ ಆಚೆ ಒಂದು ಕೊಯ್ಲಾದ ಗದ್ದೆ ಕಂಡಿತು. ಹಲಗೆಯ ಹಾಗೆ ಸಮ. "ಇದೇ ಜಾಗ" ಎಂದೆ. ಬದಿಯಲ್ಲೇ ಮನೆ ಇತ್ತು. ಕೇಳದೆ ಗೂಟ ಹೊಡೆಯುವುದು ಮರ್ಯಾದೆ ಅಲ್ಲವೆಂದು ಹೋಗಿ ಕೇಳಿದೆ.

ಆ ಮನೆಯವರ ಮುಖವೇ ಬಾಡಿತು. "ಇಷ್ಟು ದೊಡ್ಡ ಮನೆ ಇರುವಾಗ ನೀವು ಗದ್ದೆಯಲ್ಲಿ ಮಲಗುವುದಾ? ನಾಳೆ ಊರಿನವರು ನನಗೆ ಎಂತ ಹೇಳಿಯಾರು?"

"ಇಲ್ಲ ಮಾರಾಯ್ರೆ, ನಾವು ಮಲಗಲಿಕ್ಕೇ ಬಂದದ್ದು, ಖುಷಿಗೆ."

"ಹೊರಗೆ ಮಲಗುವುದು ಖುಷಿಯಾ? ಮನೆಯಲ್ಲಿ ಜಗಳ ಆಗಿದೆಯಾ?" ಎಂದು ಅವರು ನನ್ನ ಹೆಂಡತಿಯನ್ನು ಕನಿಕರದಿಂದ ನೋಡಿದರು. ನಾನು ಇನ್ನೊಂದು ಮಾತು ಆಡುವುದರೊಳಗೆ ನಮ್ಮ ಬ್ಯಾಗುಗಳು ಅವರ ಮನೆಯ ಚಾವಡಿಯಲ್ಲಿದ್ದವು.

ಒಳಗೆ ಹೆಂಗಸರೆಲ್ಲ ಸೇರಿ ಹಲಸಿನಕಾಯಿ ಹಪ್ಪಳ ಮಾಡುತ್ತಿದ್ದರು. ಎಲ್ಲರೂ ಒತ್ತುವಾಗ ಇವಳೊಬ್ಬಳು ಕೈಕಟ್ಟಿ ಕೂತುಕೊಳ್ಳುವುದು ಹೇಗೆ? ಅವಳೂ ಕೂತು ಒತ್ತಿದಳು. ಬೆಳಿಗ್ಗೆ ಹೊರಡುವಾಗ ಅವರು ಪ್ರೀತಿಯಿಂದ ಒಂದು ಕಟ್ಟು ಹಸಿ ಹಪ್ಪಳ ಕೊಟ್ಟು, "ಒಳ್ಳೆ ಬಿಸಿಲು ಉಂಟು, ದಾರಿಯಲ್ಲಿ ಒಣಗಿಸಿಕೊಳ್ಳಿ" ಎಂದರು. ಆ ಟೆಂಟು ಮೊದಲ ಸಲ ಬಿಚ್ಚಿದ್ದು ಹಪ್ಪಳ ಒಣಗಿಸಲಿಕ್ಕೆ.

೨. ದಪ್ಪದ ನೆಟ್ಟು

ಶನಿವಾರ ಬೆಳುವಾಯಿ ಕಡೆಗೆ ಹೋದೆವು. ಅಲ್ಲೊಂದು ಬಯಲು, ಹತ್ತಿರ ಒಂದು ಮನೆಯೂ ಇಲ್ಲ. ನನಗೆ ಹುರುಪು ಬಂತು. ಆದರೆ ಅಡಿಯಲ್ಲಿ ಬಂಡೆಯಂಥ ಮುರಕಲ್ಲು. ಟೆಂಟಿನೊಟ್ಟಿಗೆ ಬಂದ ಕಡ್ಡಿಯಂಥ ಗೂಟಗಳು ಒಂದೇ ಪೆಟ್ಟಿಗೆ ಬಗ್ಗಿ ನಮಸ್ಕಾರ ಮಾಡಿದವು.

"ಈಗ ಎಂತ ಮಾಡುವುದು?" ಎಂದಳು.

"ಕಸುಬಿನವನಿಗೆ ಕಷ್ಟ ಉಂಟಾ?" ಎಂದೆ. ಬಯಲಿನ ನಡುವೆ ಯಾರೋ ಪುಣ್ಯಾತ್ಮರು ಎರಡು ಗಟ್ಟಿ ಕಂಬ ಹುಗಿದಿದ್ದರು. ಅವಕ್ಕೆ ಹಗ್ಗ ಎಳೆದು, ನಡುವೆ ಟೆಂಟು ಕಟ್ಟಿದೆ. ಗಾಳಿ ಬಂದರೂ ಅಲ್ಲಾಡದ ಹಾಗೆ ಕಟ್ಟಿದ್ದೆ, ಸುಳ್ಳಲ್ಲ.

ಬಿಸಿಲು ಇಳಿಯುವಾಗ ಬನಿಯನು ಹಾಕಿದ ಹುಡುಗರ ಒಂದು ಪಡೆ ಬಂತು. ಕೈಯಲ್ಲಿ ವಾಲಿಬಾಲು. ಅವರ ಕ್ಯಾಪ್ಟನು ಟೆಂಟಿಗೆ ಒಂದು ಸುತ್ತು ಬಂದು ಬಹಳ ವಿನಯದಿಂದ ಹೇಳಿದ, "ಅಣ್ಣಾ, ನೆಟ್ಟು ಚೆಂದ ಕಟ್ಟಿದ್ದೀರಿ. ಆದರೆ ಸ್ವಲ್ಪ ದಪ್ಪ ಆಯ್ತು."

ಅವತ್ತು ಅವರದ್ದು ಪಂದ್ಯಾಟ. ಟೆಂಟು ಬಿಚ್ಚಿದೆ. ಅವರಿಗೂ ಬೇಸರವಾಗಿ ನಮ್ಮನ್ನು ಕ್ಯಾಪ್ಟನನ ಅಜ್ಜಿ ಮನೆಗೆ ಕಳಿಸಿದರು. ಅಜ್ಜಿ ಜೈನರು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು. "ಪರಿಚಯ ಆಮೇಲೆ ಮಾಡುವ, ಮೊದಲು ಎಲೆ ಮುಂದೆ ಕೂತುಕೊಳ್ಳಿ" ಎಂದರು. ನಾವು ಉಂಡು ಏಳುವಾಗ ಹೊರ ಊರಿನ ತಂಡವೂ ಆಟಕ್ಕೆ ಮೊದಲು ಅಲ್ಲಿಗೇ ಊಟಕ್ಕೆ ಬಂತು. ಒಬ್ಬರೇ ಅಜ್ಜಿ, ಸೂರ್ಯ ಇಳಿಯುತ್ತಿದ್ದಾನೆ. ಇವಳು ಸೆರಗು ಸಿಕ್ಕಿಸಿ ಸಾರಿನ ಸೌಟು ಹಿಡಿದಳು.

ಬಡಿಸುತ್ತಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಮೆಲ್ಕಾರಿನಲ್ಲೇ ಇದ್ದಿದ್ದರೆ ಇಬ್ಬರಿಗೆ ಬಡಿಸಿದರೆ ಸಾಕಿತ್ತು."

೩. ಹೇಳಿಕೆ ಇಲ್ಲದ ಚಪ್ಪರ

ಭಾನುವಾರ ಬೆಳ್ತಂಗಡಿ ಕಡೆ. ಉಳಿದದ್ದು ಅದೊಂದೇ ರಾತ್ರಿ. ನನಗೆ ಮಂಡೆ ಬಿಸಿ. ಹೊಳೆ ಬದಿಯಲ್ಲಿ ಒಂದು ಗದ್ದೆ, ಮೆತ್ತಗಿನ ಮಣ್ಣು, ಮನೆ ದೂರ. "ಕೇಳಿದರೆ ತಾನೇ ಒಳಗೆ ಕರೆಯುವುದು? ಇವತ್ತು ಯಾರನ್ನೂ ಕೇಳುವುದಿಲ್ಲ" ಎಂದು ಟೆಂಟು ಎಬ್ಬಿಸಿಯೇ ಬಿಟ್ಟೆ. ಅವಳು ಒಳಗೆ ಹೋಗಿ ಕಾಲು ಚಾಚಿ, ಹೋಟೆಲಿನಿಂದ ಕಟ್ಟಿಸಿ ತಂದಿದ್ದ ಬನ್ಸಿನ ಪೊಟ್ಟಣ ಬಿಚ್ಚಿದಳು. ಎರಡು ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ.

ಅಷ್ಟರಲ್ಲಿ ಒಬ್ಬರು ಸ್ಕೂಟರು ನಿಲ್ಲಿಸಿದರು. "ಎಂತ ಕಾರ್ಯಕ್ರಮ?"

"ಎಂತದೂ ಇಲ್ಲ."

"ಎಂತದೂ ಇಲ್ಲದೆ ಯಾರಾದರೂ ಚಪ್ಪರ ಹಾಕ್ತಾರಾ? ಅಲ್ಲ, ನಿಮ್ಮನ್ನು ನೋಡಿದ ಹಾಗೆ ಉಂಟು. ನನ್ನ ಅಕ್ಕನ ಮಗಳ ಮದುವೆಗೆ ಶಾಮಿಯಾನ ನಿಮ್ಮದೇ ಅಲ್ವಾ?"

"ನಮ್ಮದೇ!" ಎಂದೆ ಎದೆ ಉಬ್ಬಿಸಿ. ಅಲ್ಲಿಗೆ ಕೆಟ್ಟಿತು. ಅವರು ಮುಖ ಬಿಗಿದು, ಫೋನು ತೆಗೆದು ಹೋದರು.

ನಮ್ಮ ಕಡೆ ಮದುವೆಗೆ ಮನೆಮನೆಗೆ ಹೋಗಿ ಹೇಳಿಕೆ ಕೊಟ್ಟು ಕರೆಯಬೇಕು. ಒಂದು ಮನೆ ಬಿಟ್ಟರೆ ಆ ಸಂಬಂಧ ಮುಗಿದ ಹಾಗೆ. ಗದ್ದೆಯ ಯಜಮಾನರಿಗೆ ಮದುವೆ ಪ್ರಾಯದ ಮಗಳಿದ್ದಾಳೆ, ಮೆಲ್ಕಾರಿನಿಂದ ಶಾಮಿಯಾನದವ ಬಂದು ಗೂಟ ಹೊಡೆದಿದ್ದಾನೆ, ನಮಗೆ ಹೇಳಿಕೆಯೇ ಇಲ್ಲ ಎಂದು ನೆರೆಕರೆಯವರೆಲ್ಲ ಕೋಪದಿಂದ ಗದ್ದೆಗೆ ಇಳಿದರು. ಅವರ ಹಿಂದೆ ಯಜಮಾನರು ಬೆವರು ಒರೆಸುತ್ತಾ ಬಂದರು, ಅವರ ಹಿಂದೆ ಯಜಮಾನತಿ.

"ನನ್ನ ಮಗಳಿಗೆ ಮದುವೆ ನಿಶ್ಚಯ ಮಾಡಲಿಕ್ಕೆ ನೀನು ಯಾರಯ್ಯಾ?" ಎಂದು ಯಜಮಾನರು ನನ್ನನ್ನೇ ಕೇಳಿದರು. ನಾನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಅವರು ಮಂಗಳೂರಿನಲ್ಲಿದ್ದ ಮಗಳಿಗೇ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರು ಹಾಕಿದರು.

"ಮಗಾ, ಇಲ್ಲಿ ಇವರೆಲ್ಲ ನಿನಗೆ ಮದುವೆ ನಿಶ್ಚಯ ಆಗಿದೆ ಹೇಳ್ತಾರೆ. ಸುಳ್ಳು ಅಂತ ನೀನೇ ಹೇಳು."

ಆಚೆಯಿಂದ ಮಗಳ ದನಿ ಬಂತು, "ಅಪ್ಪಾ... ಅಮ್ಮ ಹೇಳಿಬಿಟ್ಟರಾ?"

ಯಜಮಾನರು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಹುಡುಗ ಒಳ್ಳೆಯವ. ನಿಮ್ಮ ಅಕ್ಕನಿಗೂ ಗೊತ್ತುಂಟು. ನಿಮಗೊಬ್ಬರಿಗೆ ಹೇಳಿಕೆ ತಲುಪಿರಲಿಲ್ಲ, ಅಷ್ಟೇ."

ಕೋಪ ಮಾಡಿ ಬಂದವರೆಲ್ಲ ಗೊಳ್ಳೆಂದು ನಕ್ಕರು. ಯಜಮಾನರು ಗದ್ದೆಯ ಬದುವಿನಲ್ಲಿ ಕೂತು, ಆಮೇಲೆ ತಾವೂ ನಕ್ಕರು. ಹುಡುಗನ ಊರು, ಕೆಲಸ ವಿಚಾರಿಸಿ ಸಮಾಧಾನವಾದ ಮೇಲೆ ಹೆಂಡತಿಗೆ ಹೇಳಿದರು, "ಇಷ್ಟು ಜನ ಬಂದಿದ್ದಾರೆ, ಮನೆಗೆ ಕರೆದುಕೊಂಡು ಹೋಗುವ. ನೀನು ಎಲ್ಲರಿಗೂ ಚಾ ಮಾಡು."

ಅಭ್ಯಾಸಬಲ! ಟೆಂಟಿನೊಳಗಿಂದ ನನ್ನ ಹೆಂಡತಿಯೂ ಎದ್ದಳು. ಮೂರನೆಯ ರಾತ್ರಿಯೂ ಹೋಯಿತು.

ಯಜಮಾನತಿ ಟೆಂಟಿನೊಳಗೆ ಬಗ್ಗಿ ನೋಡಿದರು. "ಇದರೊಳಗೆ ಒಲೆ ಉಂಟಾ?"

"ಇಲ್ಲ ಅಕ್ಕಾ."

"ಎಷ್ಟು ಜನಕ್ಕೆ ಜಾಗ ಉಂಟು?"

"ಇಬ್ಬರಿಗೆ."

"ಹಾಗಾದರೆ ಸ್ವಲ್ಪ ಆಚೆ ಸರಿ ಮಾರಾಯ್ತಿ" ಎಂದು ಅವರು ಒಳಗೆ ಹೋಗಿ ಸರ್ರನೆ ಜಿಪ್ಪು ಎಳೆದುಬಿಟ್ಟರು.

ಯಜಮಾನರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನಾವು ಮನೆಗೆ ಬರುವಾಗ ಊರಿಡೀ ಚಾವಡಿಯಲ್ಲಿ ಕೂತಿತ್ತು. ನಾವಿಬ್ಬರೂ ಅಡುಗೆಮನೆ ಹೊಕ್ಕೆವು. ನೀರು ಕುದಿಯಿತು, ಚಾಪುಡಿ ಸಿಕ್ಕಿತು, ಸಕ್ಕರೆ ಮಾತ್ರ ಯಾವ ಡಬ್ಬಿಯಲ್ಲೂ ಇಲ್ಲ. ಗದ್ದೆಗೆ ಓಡಿ ಬಂದು ಟೆಂಟಿನ ಹೊರಗೆ ನಿಂತು ಕೇಳಿದೆ, "ಸಕ್ಕರೆ ಎಲ್ಲಿ ಉಂಟು?"

ಒಳಗೆ ಬನ್ಸು ತಿನ್ನುತ್ತಾ ಇಬ್ಬರೂ ನಗುತ್ತಿದ್ದರು. ನನ್ನ ಹೆಂಡತಿ ಅಷ್ಟು ದೊಡ್ಡದಾಗಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ನಗು ತಡೆದುಕೊಂಡು ಅವಳೇ ಉತ್ತರ ಕೊಟ್ಟಳು:

"ಜಾಗ ಹುಡುಕುವುದರಲ್ಲಿ ನಿಮ್ಮನ್ನು ಬಿಟ್ಟರೆ ಇಲ್ಲ ಅಲ್ವಾ? ಹುಡುಕಿ!"