ಹಾಡಿನ ಹೆಸರಿನಲ್ಲಿ ಒಂದು ಕಾರು

ಅನಘಾ, ತೇಜು,

ನಮ್ಮ ಸಿದ್ದಾಪುರದ ಮನೆಯ ಜಗಲಿಯಲ್ಲಿ ಗಾಜು ಹಾಕಿಸಿದ ಒಂದು ಫೋಟೊ ಇದೆಯಲ್ಲ, ಅದರಲ್ಲಿ ನಾನು ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಹಲ್ಲುನೋವು ಬಂದವಳ ಹಾಗೆ ನಿಂತಿದ್ದೇನೆ. ಮದುವೆ ಹಾಡುಗಳನ್ನು ಉಳಿಸಿದ್ದಕ್ಕೆ ಮಹಿಳಾ ಮಂಡಳಿಯವರು ಮಾಡಿದ ಸನ್ಮಾನ ಅದು. ಮನೆಗೆ ಬಂದವರಿಗೆಲ್ಲ ನಿಮ್ಮ ಅಮ್ಮ ಅದನ್ನು ತೋರಿಸಿ, "ಯಂಗಳ ಆಯಿ ಆ ಕಾಲದಲ್ಲೇ ಕಂಪ್ಯೂಟರ್ ತಂದು..." ಎಂದು ಶುರುಮಾಡುತ್ತಾಳೆ. ಕೂಡಲೇ ನಾನು ಹಾಲು ಉಕ್ಕಿತು ಎಂದು ಒಳಗೆ ಓಡುತ್ತೇನೆ. ಒಲೆಯ ಮೇಲೆ ಹಾಲು ಇರುವುದೇ ಇಲ್ಲ!

ಕಳೆದ ರಜೆಯಲ್ಲಿ ತೇಜು ಮೊಬೈಲಿನಲ್ಲಿ ಕಾರು ಓಡಿಸುತ್ತ, "ಅಮ್ಮಮ್ಮಾ, ನೀನೂ ಆಡ್ತ್ಯಾ?" ಎಂದು ಕೇಳಿದ. ನಾನು "ಬೇಡ" ಅಂದೆ. ಆ ಬೇಡಕ್ಕೆ ಒಂದು ಹಳೆಯ ಚರಿತ್ರೆ ಇದೆ. ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ವಾನಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿತ್ತು. ನಿಮ್ಮ ಅಜ್ಜ ಹೋಗಿ ನಾಲ್ಕು ವರ್ಷ. ನಿಮ್ಮ ಅಮ್ಮ ಸುಮನಾ ದಿನವೂ ಬಸ್ಸಿನಲ್ಲಿ ಸಿರ್ಸಿಯ ಕಾಲೇಜಿಗೆ ಹೋಗುತ್ತಿದ್ದಳು. ಆಗ ಯಲ್ಲಾಪುರದಲ್ಲಿದ್ದ ನನ್ನ ಅಣ್ಣನ ಮನೆಗೆ ಒಂದು ಪೂಜೆಗೆಂದು ಹೋಗಿದ್ದೆ. ಊಟವಾಗಿ ಎಲ್ಲರೂ ಎಲೆಯಡಿಕೆ ಕವಳ ಹಾಕಿ ಅಡ್ಡಾದರು. ಅಣ್ಣನ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿಯೇ ಇತ್ತು. ಪರದೆಯ ಮೇಲೆ ಒಂದು ಕೆಂಪು ಕಾರು ಯಾರನ್ನೋ ಕಾಯುತ್ತ ನಿಂತಿತ್ತು. ಸುಮ್ಮನೆ ಒಂದು ಗುಂಡಿ ಒತ್ತಿದೆ.

ಕಾರು ಹೊರಟೇಬಿಟ್ಟಿತು!

ಜನ್ಮದಲ್ಲಿ ಸೈಕಲ್ಲಿನ ಹ್ಯಾಂಡಲ್ ಕೂಡ ಹಿಡಿದವಳಲ್ಲ ನಾನು. ಗೋಡೆಗೆ ಗುದ್ದಿದೆ, ಮರಕ್ಕೆ ಗುದ್ದಿದೆ, ಒಮ್ಮೆ ಸೇತುವೆಯಿಂದಲೇ ಹಾರಿದೆ. ಪ್ರತಿ ಸಲವೂ ಕಾರು ತಾನಾಗಿ ಎದ್ದು ರಸ್ತೆಗೆ ಬಂದು ನಿಲ್ಲುತ್ತಿತ್ತು. "ನಿನಗೆ ಯಾಕೆ ಬೇಕಿತ್ತು ಇದು" ಎಂದು ಯಾರೂ ಕೇಳಲಿಲ್ಲ. ಇಷ್ಟೊಂದು ತಪ್ಪು ಮಾಡಿಯೂ ಬೈಸಿಕೊಳ್ಳದೇ ಇದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆ ಪಂದ್ಯವನ್ನು ಕಡೆಯವರೆಗೆ ಒಂದೇ ಒಂದು ಸಲ ಓಡಿಸಿ ಮುಗಿಸಬೇಕು ಎಂದು ಆಸೆ ಹುಟ್ಟಿತು. ಅಷ್ಟರಲ್ಲಿ ಒಳಗೆ ಚಹಾ ಲೋಟದ ಸದ್ದಾಯಿತು. ಎದ್ದು ಬಂದೆ.

ಹೊರಡುವಾಗ ಮೆಲ್ಲಗೆ ಕೇಳಿದೆ. "ಅಣ್ಣಾ, ಆ ಕಾರಿನ ಆಟ ಮನೇಲೇ ಆಡವು ಹೇಳಿರೆ ಎಂತೆಂತ ಬೇಕಾಗ್ತು?"

"ಯಾರಿಗೆ?"

"ಯಾರಿಗೋ."

"ಯಾರಿಗೋ ಹೇಳಿರೆ ಯಾರಿಗೆ?"

"ಆ ಯಾರಿಗೋ ಹೆಚ್ಚು ಖರ್ಚು ಮಾಡಲೆ ಆಗ್ತಿಲ್ಲೆ. ಯಂಗೆ ಗೊತ್ತಿದ್ದಿದ್ದು ಅಷ್ಟೇ."

ಅಣ್ಣ ಮುಂದೆ ಕೇಳಲಿಲ್ಲ. ಬಿಡಿ ಸಾಮಾನು ತಂದು ಮನೆಯಲ್ಲೇ ಜೋಡಿಸಿದರೆ ಅಗ್ಗ ಎಂದು ಹೇಳಿ, ಕ್ಯಾಲೆಂಡರಿನ ಹಾಳೆ ಹರಿದು ಪಟ್ಟಿ ಬರೆದುಕೊಟ್ಟ. ಕಡೆಯಲ್ಲಿ "ಗ್ರಾಫಿಕ್ಸ್ ಕಾರ್ಡ್" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದ. "ಉಳಿದಿದ್ದು ಸ್ವಲ್ಪ ಕಮ್ಮಿ ಆದ್ರೂ ಅಡ್ಡಿಲ್ಲೆ, ತಂಗೀ. ಚಿತ್ರ ಓಡ್ಸದು ಇದು. ಇದೊಂದು ಬಿಟ್ರೆ ಕಾರು ಹೊರಡ್ತಿಲ್ಲೆ. ಆ ಯಾರಿಗೋ ಹೇಳು."

ನನಗೆ ಧೈರ್ಯ ಬಂತು. ನಾನೂರು ಜನರ ಮದುವೆಗೆ ಬೆಲ್ಲ, ಬೇಳೆ ಆರಿಸಿ ತಂದವಳು ನಾನು. ಪಟ್ಟಿ ಕೈಯಲ್ಲಿದೆ, ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಕೂಡಿಸಿದ ಹಣ ಡಬ್ಬಿಯಲ್ಲಿದೆ. ಎಂಟು ಸಾಮಾನು ಕೊಳ್ಳುವುದು ಯಾವ ದೊಡ್ಡ ಕೆಲಸ!

ಒಂದೇ ತೊಡಕು. ಕಾರಣ ಏನೆಂದು ಹೇಳುವುದು? ಗಂಡ ಹೋದ ಹೆಂಗಸು ಕಾರಿನ ಆಟ ಆಡಲು ಕಂಪ್ಯೂಟರ್ ತಂದಳಂತೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿಗೆ ನನಗಿಂತ ಮೊದಲು ಮುಟ್ಟುತ್ತದೆ. ಮಗಳ ಓದಿಗೆ ಎನ್ನೋಣ ಎಂದರೆ ಅವಳು ಓದುತ್ತಿದ್ದದ್ದು ಇತಿಹಾಸ. ಕಪಾಟಿನಲ್ಲಿ ನನ್ನನ್ನು ಹೆತ್ತ ಆಯಿ ಬರೆದಿಟ್ಟ ಮದುವೆ ಹಾಡಿನ ನೋಟ್ ಪುಸ್ತಕ ಕಣ್ಣಿಗೆ ಬಿತ್ತು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಲ್ಲ ಅದರಲ್ಲಿತ್ತು. ಅಂಚು ಜಿರಳೆಗೆ ಹೋಗಿತ್ತು.

"ಇದನ್ನ ಕಂಪ್ಯೂಟರಲ್ಲಿ ಬರೆದು ಇಡವು ಹೇಳಿ ಮಾಡಿದ್ದಿ," ಎಂದೆ.

ಸುಮನಾ ಕಣ್ಣಲ್ಲಿ ನೀರು ತಂದುಕೊಂಡಳು. ಪಕ್ಕದ ಮನೆಯ ಗಂಗಕ್ಕ ಇನ್ನೂ ಮುಂದೆ ಹೋದಳು. "ಎಂತ ಒಳ್ಳೆ ಕೆಲಸ ಮಾರಾಯ್ತಿ! ಒಬ್ಬಳೇ ಹೋಗಡ. ಆನೂ ಬತ್ತಿ."

ಗಂಗಕ್ಕ ಬಂದಳು. ನನ್ನ ಸರ್ವನಾಶ ಅಲ್ಲಿಂದ ಆರಂಭ.

ಸಿರ್ಸಿಯ ಅಂಗಡಿಯ ಶಿವಪ್ಪಣ್ಣ ಹಾವೇರಿ ಕಡೆಯವರು, ಬಹಳ ಸಂಭಾವಿತರು. "ಬರ್ರಿ ಅಕ್ಕಾರ, ಕುಂದರ್ರಿ. ಏನ್ ಕೆಲಸಕ್ಕ ಬೇಕ್ರಿ ಕಂಪ್ಯೂಟರ್?"

ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಉತ್ತರ ಕೊಟ್ಟಳು. "ಹಾಡು ಬರೀಲೆ!"

"ಹಾಡು ಬರಿಯಾಕ? ಹಂಗಾರ ಭಾಳ ಸಣ್ಣದು ಸಾಕ್ರಿ." ಅವರು ಅಣ್ಣನ ಪಟ್ಟಿ ನೋಡಿ ಕನ್ನಡಕ ಮೇಲೆತ್ತಿದರು. "ಇಷ್ಟು ಜೋರಿನ ಪ್ರೊಸೆಸರ್ ಯಾಕ್ರಿ? ಒಂದೊಂದ ಅಕ್ಷರಾ ಹುಡುಕಿ ಒತ್ತವ್ರು ನೀವು. ಅದು ಓಡಿ ಎಲ್ಲಿಗ್ ಹೋಗಬೇಕ್ರಿ?"

"ನಮ್ಮ ಬದಿ ಹಾಡು... ಸ್ವಲ್ಪ ವೇಗ ಇರ್ತು," ಎಂದೆ.

ಗಂಗಕ್ಕ ನನ್ನ ಮುಖ ನೋಡಿದಳು. ನಮ್ಮ ಕಡೆಯ ಹಸೆ ಹಾಡು ಮುಗಿಯುವುದರೊಳಗೆ ಮದುಮಗನಿಗೆ ಒಂದು ನಿದ್ದೆ ಆಗಿರುತ್ತದೆ.

"ರ್‍ಯಾಮ್ ಇದರ ಅರ್ಧಾ ಸಾಕ್ರಿ."

"ಹಾಡು ಉದ್ದ ಇದ್ದು."

"ಹದಿನೇಳು ಇಂಚಿನ ಮಾನಿಟರ್?"

"ಕಣ್ಣು ಮಂದ."

"ದೊಡ್ಡ ಸ್ಪೀಕರ್?"

"ಹಾಡಲ್ಲವಾ!" ಇದೊಂದು ಸುಳ್ಳು ಮಾತ್ರ ಸಲೀಸಾಗಿ ಬಂತು.

ಕ್ಯಾಬಿನೆಟ್ಟನ್ನು ಗಂಗಕ್ಕ ಆರಿಸಿದಳು. ಹಲಸಿನ ಹಣ್ಣು ನೋಡುವ ಹಾಗೆ ಒಂದೊಂದನ್ನೂ ಬೆರಳಿನಿಂದ ಬಡಿದು, ಎತ್ತಿ ತೂಕ ನೋಡಿ, ಎಲ್ಲಕ್ಕಿಂತ ಭಾರದ್ದರ ಮೇಲೆ ಕೈಯಿಟ್ಟಳು. "ಇದು ಗಟ್ಟಿ ಇದ್ದು, ಸಾವಿತ್ರಿ. ನಾಳೆ ಕಂಪ್ಯೂಟರ್ ಹಾಳಾದ್ರೂ ಹಪ್ಪಳ ತುಂಬಿ ಇಡಲೆ ಆಗ್ತು."

ಈಗ ಉಳಿದದ್ದು ಎರಡು ಗೆರೆ ಎಳೆದ ಸಾಮಾನು. ಡಬ್ಬಿಯಲ್ಲಿ ಸರಿಯಾಗಿ ಅದಕ್ಕೆ ಬೇಕಾದಷ್ಟೇ ಹಣ ಉಳಿದಿತ್ತು.

"ಗ್ರಾಫಿಕ್ಸ್ ಕಾರ್ಡ್ ಅಂತ ಬರದಾರ," ಶಿವಪ್ಪಣ್ಣ ನಕ್ಕರು. "ಇದು ಹುಡುಗ್ರು ಕಾರಿನ ಆಟಾ ಆಡಾಕ ಹಾಕ್ಸೋದ್ರಿ. ನಿಮಗ ಬೇಕೇನ್ರಿ?"

ಮಕ್ಕಳೇ, ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ನೀವು ತಿಳಿದುಕೊಳ್ಳಬೇಕು. ಪಂಕ್ತಿಯಲ್ಲಿ ಹೋಳಿಗೆ ತಂದಾಗ ಮೊದಲ ಸಲ "ಬೇಡ" ಎನ್ನಬೇಕು. ಅದು ಮರ್ಯಾದೆ. ಎರಡನೇ ಸಲ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ, ಬೇಡ" ಎನ್ನಬೇಕು. ಅದು ಸಂಕೋಚ. ಮೂರನೇ ಸಲ ಬಡಿಸುವವರು ಕೇಳುವುದೇ ಇಲ್ಲ, ಬೆರಳ ಸಂದಿಯಲ್ಲೇ ಹಾಕಿ ಮುಂದೆ ಹೋಗುತ್ತಾರೆ. ಕೇಳಿದ ಕೂಡಲೇ "ಬೇಕು" ಎಂದ ಹೆಂಗಸು ನಮ್ಮ ಮನೆತನದಲ್ಲಿ ಈವರೆಗೆ ಹುಟ್ಟಿಲ್ಲ.

ನಾನು ಮರ್ಯಾದೆಯಿಂದ "ಬೇಡ" ಎಂದೆ.

"ನೋಡ್ರಿ, ಪಟ್ಟಿಯೊಳಗ ಐತಿ."

"ಬೇಡ, ಬೇಡ," ಎಂದು ಸಂಕೋಚದಿಂದ ಕೈ ಅಡ್ಡ ಹಿಡಿದು ಮೂರನೆಯದಕ್ಕೆ ಕಾದು ಕೂತೆ.

ಹಾವೇರಿ ಕಡೆ ಬೇಡ ಎಂದರೆ ಬೇಡ! ಶಿವಪ್ಪಣ್ಣ "ಆತ್ರಿ" ಎಂದು ಪೆನ್ನು ತೆಗೆದು, ಅಣ್ಣ ಎಳೆದ ಎರಡು ಗೆರೆಯ ಮೇಲೆ ಮೂರನೆಯದನ್ನು ಅಡ್ಡ ಎಳೆದರು.

"ಒಳ್ಳೆದಾತು," ಎಂದಳು ಗಂಗಕ್ಕ. "ಉಳಿದ ಹಣಕ್ಕೆ ಪ್ರಿಂಟರ್ ತಗ. ಹಾಡು ಕಾಗದದ ಮೇಲೆ ಬರಲೆ ಬೇಡದಾ?"

ಕಾರು ಕೊಳ್ಳಲು ಹೋದವಳು ಪ್ರಿಂಟರ್ ಹೊತ್ತು ಸಿದ್ದಾಪುರದ ಬಸ್ಸು ಹತ್ತಿದೆ.

ಮನೆಯಲ್ಲಿ ಚಾಪೆ ಹಾಸಿ ಸಾಮಾನು ಹರಡಿದೆವು. ಸುಮನಾ ಒಂದು ಬೇಸಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದರಿಂದ ಅವಳೇ ಮುಖ್ಯ ಇಂಜಿನಿಯರ್. ಪ್ರೊಸೆಸರ್ ಬಿಸಿಯಾಗದಂತೆ ಅದರ ಮೇಲೆ ಹಚ್ಚುವ ಬಿಳಿ ಮುಲಾಮಿನ ಕೊಳವೆಯನ್ನು ನನ್ನ ಕೈಗೆ ಕೊಟ್ಟು, "ಒಂದು ಉದ್ದಿನಕಾಳಿನಷ್ಟು, ಆಯಿ," ಎಂದು ಸ್ಕ್ರೂ ಡ್ರೈವರ್ ತರಲು ಒಳಗೆ ಹೋದಳು. ಬಡಿಸುವಾಗ ಕೈ ಬಿಗಿ ಹಿಡಿಯಬಾರದು ಎಂದು ಕಲಿತು ಬೆಳೆದವಳು ನಾನು. ಕೊಳವೆಯನ್ನು ಪೂರ್ತಿ ಹಿಂಡಿ, ದೋಸೆಗೆ ಬೆಣ್ಣೆ ಸವರಿದ ಹಾಗೆ ನಾಲ್ಕೂ ಅಂಚಿಗೆ ಸವರಿದೆ.

"ಆಯೀ! ಎಂತ ಮಾಡಿಟ್ಟೆ ಇದು!"

"ಪಾಪ, ಸಣ್ಣ ಸಾಮಾನು. ಒಣಗಿ ಕಂಡ್ತು ಕೂಸೆ."

ಅವಳು ಅಜ್ಜನ ಹಳೆ ಪಂಚೆಯ ತುಂಡಿನಿಂದ ಅರ್ಧ ಗಂಟೆ ಒರೆಸಿದಳು. ಆ ಅರ್ಧ ಗಂಟೆ ನನ್ನನ್ನು ಅಡುಗೆಮನೆಗೆ ಗಡಿಪಾರು ಮಾಡಲಾಗಿತ್ತು. ಎಲ್ಲ ಸೇರಿಸಿ ಗುಂಡಿ ಒತ್ತಿದರೆ ಬೀಪ್ ಬೀಪ್ ಎಂದು ಅತ್ತಿತು. ರ್‍ಯಾಮ್ ಸರಿಯಾಗಿ ಕೂತಿರಲಿಲ್ಲ. ಗಂಗಕ್ಕ ಹೆಬ್ಬೆರಳಲ್ಲಿ ಒಮ್ಮೆ ಒತ್ತಿದಳು, ಕೂತಿತು. ಕ್ಯಾಬಿನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿ, ಹಸೆಗೆ ಕರೆಯುವ ಹಾಡನ್ನು ಅವಳೇ ಹೇಳಿದಳು. ಹಾಡು ಮುಗಿಯುವವರೆಗೆ ಕಂಪ್ಯೂಟರ್ ತಾಳ್ಮೆಯಿಂದ ಕಾದು ನಿಂತಿತು.

ಮರುದಿನ ಸುಮನಾ ಕಾಲೇಜಿಗೆ ಹೋದಳು. ಬಾಗಿಲು ಹಾಕಿಕೊಂಡು, ಅಣ್ಣ ಪಟ್ಟಿಯ ಜೊತೆಗೇ ಕೊಟ್ಟಿದ್ದ ಆಟದ ಸಿ.ಡಿ. ಹಾಕಿದೆ. ಅದೇ ಕೆಂಪು ಕಾರು ಬಂತು! ಬಾಣದ ಗುಂಡಿ ಒತ್ತಿದೆ. ಕಾರು ನಿಂತೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಗೇಣು ಮುಂದೆ ಕಾಣಿಸಿತು. ಮತ್ತೆ ವಿಶ್ರಾಂತಿ. ಮದುವೆ ಆಲ್ಬಮ್ಮಿನ ಹಾಳೆ ತಿರುವಿದ ಹಾಗೆ ಒಂದು ಚಿತ್ರ, ಆಮೇಲೆ ಇನ್ನೊಂದು ಚಿತ್ರ. ಒಳಗೆ ಹೋಗಿ ಒಂದು ತೆಂಗಿನಕಾಯಿ ತುರಿದು ಬಂದೆ. ಕಾರು ಮೊದಲ ತಿರುವನ್ನು ಇನ್ನೂ ಮುಟ್ಟಿರಲಿಲ್ಲ. ದೊಡ್ಡ ಸ್ಪೀಕರಿನಲ್ಲಿ ಮಾತ್ರ ಸದ್ದು ಭರ್ರೋ ಎಂದು ಬಂದು, ಗಂಗಕ್ಕ ಓಡಿ ಬಂದು ಬಾಗಿಲು ಬಡಿದಳು.

"ಸಾವಿತ್ರೀ, ಮಿಕ್ಸಿ ಸುಟ್ಟೋತನೇ?"

"ಹಾಂ, ಚಟ್ನಿ," ಎಂದೆ.

ಅಂಗಡಿಗೆ ತಿರುಗಿ ಹೋಗಿ "ಕಾರ್ಡ್ ಬೇಕು" ಎಂದು ಕೇಳುವ ಬಾಯಿ ನನಗಿರಲಿಲ್ಲ. ಇದ್ದ ಹಣ ಪ್ರಿಂಟರಿನ ರೂಪ ತಾಳಿ ಮೂಲೆಯಲ್ಲಿ ಕೂತಿತ್ತು. ಇತ್ತ ಹಾಡಿನ ಸುದ್ದಿ ಗಂಗಕ್ಕನ ಬಾಯಿಂದ ತ್ಯಾಗಲಿ ಊರಿನವರೆಗೂ ಹೋಗಿ, ಮದುವೆ ಇದ್ದ ಮನೆಯವರೆಲ್ಲ "ಬರೆದಾತಾ?" ಎಂದು ಕೇಳಲು ಶುರುಮಾಡಿದರು. ಹೇಳಿದ ಸುಳ್ಳನ್ನು ನಿಜ ಮಾಡದೆ ಗತಿಯಿರಲಿಲ್ಲ. ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದೆ. ಆಯಿಯ ಪುಸ್ತಕ ಮುಗಿದು, ಪ್ರಿಂಟರಿನಿಂದ ನನ್ನ ಹಾಡಿನ ಪುಸ್ತಕವಾಗಿ ಹೊರಬರಲು ಎರಡು ವರ್ಷ ಹಿಡಿಯಿತು. ಅಷ್ಟು ವೇಗದ ಪ್ರೊಸೆಸರ್ ಎರಡು ವರ್ಷವೂ ನನಗಾಗಿ ಕಾಯುತ್ತ ಕೂತಿತ್ತು!

ಆಮೇಲೆ ಸನ್ಮಾನ. ಶಾಲು ಹೊದಿಸಿ, "ಇದಕ್ಕೆ ನಿಮಗೆ ಪ್ರೇರಣೆ ಏನು?" ಎಂದು ಮೈಕು ಹಿಡಿದರು. ಕಣ್ಣ ಮುಂದೆ ಕೆಂಪು ಕಾರು ಬಂದು ನಿಂತಿತು. "ಆಯಿ" ಎಂದು ಒಂದೇ ಮಾತು ಹೇಳಿ ಕೂತೆ. ಜನ ಚಪ್ಪಾಳೆ ಹೊಡೆದರು. ಸುಮನಾ ಅತ್ತಳು. ನಾನು ನೆಲ ನೋಡಿದೆ.

ಕೆಳಗಿಳಿದಾಗ ಯಲ್ಲಾಪುರದಿಂದ ಬಂದಿದ್ದ ಅಣ್ಣ ಕಿವಿಯ ಹತ್ತಿರ ಬಗ್ಗಿದ. "ತಂಗೀ, ಆ ಯಾರಿಗೋ ಕಾರು ಓಡ್ಸಲೆ ಆತಾ?"

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು! ಚೀಲದಿಂದ ಒಂದು ಪೊಟ್ಟಣ ತೆಗೆದ. "ಯನ್ನ ಹಳೇ ಕಾರ್ಡು. ಆನು ಹೊಸದು ಹಾಕಿದ್ದಿ. ಬೇಕಾ?"

"ಬೇಡ," ಎಂದೆ, ಮರ್ಯಾದೆಯಿಂದ.

ಅಣ್ಣ ನಮ್ಮವನು, ಪದ್ಧತಿ ಬಲ್ಲವನು. "ತಗಳೇ," ಎಂದ.

"ಬೇಡ, ಬೇಡ."

ಮೂರನೆಯ ಸಲ ಅವನು ಕೇಳಲಿಲ್ಲ. ನನ್ನ ಕೈಗೇ ತುರುಕಲು ಹೊರಟ. ನನ್ನ ಬೆರಳು ತಾವಾಗಿ ಬಿಚ್ಚಿಕೊಂಡವು. ಅಷ್ಟರಲ್ಲಿ ನಡುವೆ ಗಂಗಕ್ಕ ಬಂದಳು.

"ಎಂತಕ್ಕೆ ಒತ್ತಾಯ ಮಾಡ್ತ್ಯೋ? ಪಾಪ, ಬೇಡ ಹೇಳ್ತಾ ಇದ್ದು. ಹಾಡು ಬರೆಯ ಹೆಂಗಸಿಗೆ ಆಟದ ಸಾಮಾನು ಎಂತಕ್ಕೆ!"

ಸುತ್ತ ನಿಂತವರು ಹೌದು ಹೌದು ಎಂದರು. ಪೊಟ್ಟಣ ಚೀಲಕ್ಕೆ ಹೋಯಿತು. ಯಾರೋ ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೊ ತೆಗೆದರು. ಹಲ್ಲುನೋವಿನ ಮುಖದ ಕಾರಣ ಈಗ ತಿಳಿಯಿತಲ್ಲ?

ಆ ಕಂಪ್ಯೂಟರ್ ಕೆಟ್ಟು ಎಷ್ಟೋ ವರ್ಷವಾಯಿತು. ಕ್ಯಾಬಿನೆಟ್ ಮಾತ್ರ ಗಂಗಕ್ಕ ಹೇಳಿದ ಹಾಗೆ ಗಟ್ಟಿ; ಕಳೆದ ರಜೆಯಲ್ಲಿ ನೀವು ತಿಂದ ಹಪ್ಪಳ ಅದರಲ್ಲೇ ಇತ್ತು.

ಈ ಸಲ ಬಂದಾಗ ತೇಜು ಮತ್ತೊಮ್ಮೆ ಕೇಳಲಿ. ನಾನು ಬೇಡ ಎನ್ನುತ್ತೇನೆ. ಅನಘಾ ಎರಡನೇ ಸಲ ಕೇಳಲಿ. ಬೇಡ, ಬೇಡ ಎನ್ನುತ್ತೇನೆ. ಮೂರನೇ ಸಲ ಯಾರೂ ಕೇಳಬೇಡಿ, ಸುಮ್ಮನೆ ಮೊಬೈಲು ಕೈಗೆ ಹಾಕಿ ಬಾಗಿಲು ಎಳೆದುಕೊಂಡು ಹೋಗಿ. ಗಂಗಕ್ಕ ಬಂದರೆ ಅಮ್ಮಮ್ಮ ಮಲಗಿದ್ದಾಳೆ ಎನ್ನಿ.

ಈ ಹಾಳೆಗಳನ್ನು ಜೋಪಾನವಾಗಿಡಿ, ನಿಮ್ಮ ಅಮ್ಮನ ಕೈಗೆ ಸಿಗದ ಹಾಗೆ. ಜಾಗ ತಿಳಿಯದಿದ್ದರೆ ನನ್ನ ಹಾಡಿನ ಪುಸ್ತಕದೊಳಗೆ ಇಡಿ. ಸನ್ಮಾನವಾದ ಮೇಲೆ ಅದನ್ನು ಯಾರೂ ತೆರೆದು ನೋಡಿಲ್ಲ.