ಕಾಕುವಿನ ಕರೆಂಟು

ಹೆಂಡತಿಗೆ ಸೀರೆ ಕೊಡಿಸುವ ಗಂಡಂದಿರನ್ನು ನೀವು ಕಂಡಿದ್ದೀರಿ. ಬೈಯುವವರನ್ನಂತೂ ದಿನಾ ಕಾಣುತ್ತೀರಿ. ಆದರೆ ಹೆಂಡತಿಯ ಮೈಯಿಂದ ಕರೆಂಟು ಸೋರಿಹೋಗದಂತೆ ಕಾವಲು ನಿಂತ ಗಂಡನನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಕಾಕಾ!

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಾಕಾರದೊಂದು ಪವರ್‌ಲೂಮ್ ಕಾರ್ಖಾನೆ, ಚಾದರ ನೇಯಿಸುತ್ತಿದ್ದರು. ಹಳ್ಳಿಯಿಂದ ಕಾಲೇಜು ಕಲಿಯಲು ಬಂದ ನಾನು ವಿಜಾಪುರ ರಸ್ತೆಯ ಅವರ ಮನೆಯಲ್ಲೇ ಇದ್ದೆ. ಲೋಕದಲ್ಲಿ ಕಾಕಾರಿಗೆ ತಿಳಿಯದ ವಿಷಯವೇ ಇರಲಿಲ್ಲ, ಯಾಕೆಂದರೆ ಅವರ ಕಣ್ಣಿಗೆ ಎಲ್ಲವೂ ಕಾರ್ಖಾನೆಯೇ. ಮದುವೆಮನೆಯಲ್ಲಿ ಊಟ ತಡವಾದರೆ "ಮುಕಾದಮ ಸರಿ ಇಲ್ಲ" ಎನ್ನುವರು, ಕಾರ್ಖಾನೆಯ ಮೇಸ್ತ್ರಿಯನ್ನು ಬೈದಂತೆ. ಕೂಸು ಒಂದೇ ಸಮ ಅತ್ತರೆ "ಎಣ್ಣಿ ಬಿಡ್ರಿ" ಎನ್ನುವರು! ಹರಳೆಣ್ಣೆಯೋ ಮಷೀನಿನ ಎಣ್ಣೆಯೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಹೆಂಡತಿ, ನಮ್ಮ ಕಾಕು, ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕಣ್ಣಿಗೆ ಕತ್ತಲೆ ಬಂದು ಕೂತಲ್ಲೇ ವಾಲಿಬಿಟ್ಟಳು. ದವಾಖಾನೆಗೆ ಒಯ್ದೆವು. ಡಾಕ್ಟರು ಅವಳ ಕೈಕಾಲಿಗೆ, ಎದೆಗೆ ವೈರು ಹಚ್ಚತೊಡಗಿದ್ದೇ ತಡ, ಕಾಕಾ ಹೋಗಿ ಗೋಡೆಯ ಸ್ವಿಚ್ಚಿಗೆ ಅಡ್ಡ ನಿಂತರು.

"ಡಾಕ್ಟರ್‌ಸಾಹೇಬ್ರ, ಕರೆಂಟ ಬಿಡಬ್ಯಾಡ್ರಿ ಮತ್ತ!"

"ನಾ ಬಿಡಾಕತ್ತಿಲ್ರಿ. ಕರೆಂಟ ಅವರ ಹೃದಯದಾಗನ ಹುಟ್ಟತೈತಿ. ನಾ ಬರೇ ನೋಡಾಕತ್ತೀನಿ."

"ಮೀಟರ ಇಲ್ಲ, ಕನೆಕ್ಷನ್ ಇಲ್ಲ, ಎಲ್ಲಿಂದ ಹುಟ್ಟತೈತ್ರಿ?"

ಡಾಕ್ಟರು ತಾಳ್ಮೆಯ ಮನುಷ್ಯ. ವಿವರಿಸಿದರು. ಹೃದಯದ ಸ್ನಾಯುವೆಂದರೆ ಸಣ್ಣ ಸಣ್ಣ ಜೀವಕೋಶಗಳ ನೇಯ್ಗೆ. ಕೋಶದ ಒಳಗೊಂದು ಲವಣ ಹೆಚ್ಚು, ಹೊರಗೊಂದು ಲವಣ ಹೆಚ್ಚು. ಗೋಡೆಯ ಬಾಗಿಲು ತೆರೆದು ಹೊರಗಿನದು ಒಳನುಗ್ಗಿದಾಗ ವಿದ್ಯುತ್ತು ಮಿಡಿಯುತ್ತದೆ. ಒಂದು ಕೋಶ ಪಕ್ಕದ್ದನ್ನು ಎಬ್ಬಿಸುತ್ತದೆ, ಅದು ಅದರ ಪಕ್ಕದ್ದನ್ನು. ಎಲ್ಲಕ್ಕಿಂತ ಮೊದಲು ಏಳುವ ಗುಂಪು ಮೇಲ್ಗಡೆ ಇರುತ್ತದೆ. ಕಾಕುವಿಗೆ ಅಲ್ಲಿಂದ ಹೊರಟ ಸಂಕೇತ ನಡುದಾರಿಯಲ್ಲೇ ನಿಂತುಬಿಡುತ್ತಿದೆ. ಆಗ ಕೆಳಗಿನ ಕೋಶಗಳು ತಾವೇ ಕೆಲಸ ಶುರುಮಾಡುತ್ತವೆ, ಆದರೆ ಬಲು ನಿಧಾನ.

"ತಿಳೀತ ಬಿಡ್ರಿ!" ಎಂದರು ಕಾಕಾ. "ಮ್ಯಾಲಿನ ಮುಕಾದಮ ಹೇಳಿದ್ದು ಕೆಳಗ ಮುಟ್ಟವಲ್ದು. ಕೆಳಗಿನ ಮಂದಿ ಪಾಪ, ತಮಗ ತಿಳಿದಂಗ ಮಗ್ಗ ನಡಸಾಕತ್ತಾರ!"

"ಬರೊಬ್ಬರಿ!" ಎಂದುಬಿಟ್ಟರು ಡಾಕ್ಟರು. ಅಲ್ಲಿಗೆ ಮುಗಿಯಿತು. ಮನೆಗೆ ಬರುವಷ್ಟರಲ್ಲಿ ಕಾಕಾ ತಾವೇ ಅರ್ಧ ಡಾಕ್ಟರಾಗಿ, ಡಾಕ್ಟರಿಗೂ ಹೊಳೆಯದ ಕಾರಣ ಹುಡುಕಿದ್ದರು. ಕರೆಂಟು ನಡುದಾರಿಯಲ್ಲಿ ಯಾಕೆ ನಿಲ್ಲುತ್ತದೆ? ಸೋರುತ್ತದೆ, ಅದಕ್ಕೆ!

"ಬರಿಗಾಲಿಲೆ ಫರಸಿ ಕಲ್ಲಿನ ಮ್ಯಾಲೆ ಅಡ್ಡಾಡತಿ. ಎಲ್ಲಾ ನೆಲಕ್ಕ ಇಳೀತೈತಿ!"

"ಮತ್ತ ಚಪ್ಪಲ್ ಹಾಕ್ಕೊಂಡು ದೇವರ ಮನಿಗೆ ಹೋಗ್ಲೇನ್ರಿ?"

ಕಾಕಾ ತುಸು ಯೋಚಿಸಿ ಅಡುಗೆಮನೆಯಿಂದ ಕಟ್ಟಿಗೆಯ ಮಣೆ ತಂದರು. ಅಂದಿನಿಂದ ಕಾಕು ಎಲ್ಲಿ ನಿಂತರೂ ಮಣೆಯ ಮೇಲೆಯೇ ನಿಲ್ಲಬೇಕು. ಅಕ್ಕಲಕೋಟಕ್ಕೆ ಗುರುವಾರದ ದರ್ಶನಕ್ಕೆ ಹೋದಾಗಲೂ ಸಾಲು ಮುಂದೆ ಸರಿದಂತೆಲ್ಲ ಕಾಕಾ ಬಗ್ಗಿ ಮಣೆ ಸರಿಸುವುದು, ಕಾಕು ನಾಚಿಕೆಯಿಂದ ಸೆರಗು ಮುಖಕ್ಕೆಳೆದುಕೊಂಡು ಅದನ್ನು ಹತ್ತುವುದು! ಹಿಂದಿದ್ದ ಹೆಂಗಸೊಬ್ಬಳು ಭಕ್ತಿಯಿಂದ ಕೇಳಿದಳು: "ಕಸಲಾ ನವಸ ಹೋ?" ಎಂಥ ಹರಕೆ ಎಂದು. ಕಾಕಾ ಗಂಭೀರವಾಗಿ "ಹೃದಯಾಚಾ" ಎಂದರು. ಮುಂದಿನ ಗುರುವಾರ ಅದೇ ಸಾಲಿನಲ್ಲಿ ಆ ಹೆಂಗಸೂ ಮಣೆಯ ಮೇಲೆ ನಿಂತಿದ್ದಳು, ಆಕೆಯ ಗಂಡ ಬಗ್ಗಿದ್ದ!

ಆಮೇಲೊಂದು ಮಧ್ಯಾಹ್ನ ಎಂಐಡಿಸಿಯಲ್ಲಿ ಕರೆಂಟು ಹೋಯಿತು. ಕಾಕಾ ಕಾರ್ಖಾನೆ ಬಿಟ್ಟು ಸ್ಕೂಟರ್ ಹತ್ತಿ, ಊರು ದಾಟಿ, ಏದುಸಿರು ಬಿಡುತ್ತ ಮನೆಗೆ ಬಂದರು. ಬಂದವರೇ ಹೆಂಡತಿಯ ನಾಡಿ ಹಿಡಿದರು.

"ನಿಮ್ಮ ಕಾರಖಾನ್ಯಾಗಿನ ಲೈಟ ಹೋದ್ರ ನನ್ನ ಎದಿ ಯಾಕ ನಿಂದರತೈತ್ರಿ?" ಎಂದು ಕಾಕು ನಕ್ಕಳು.

"ನನಗ ಅಷ್ಟೂ ತಿಳಿಯೂದಿಲ್ಲೇನು?" ಕಾಕಾ ಸಿಡುಕಿದರು. ಆಮೇಲೆ ದನಿ ಇಳಿಸಿ, "ಮಗ್ಗ ಎಲ್ಲಾ ಒಮ್ಮೆಲೆ ನಿಂತ್ವು. ಸಪ್ಪಳನ ಇಲ್ಲಾತು. ಅಂಜಿಕಿ ಬಂತು," ಎಂದರು. ಆ ಹೊತ್ತು ನನಗೆ ನಗು ಬರಲಿಲ್ಲ.

ಮಳೆಗಾಲ ಮುಗಿಯುವ ಮುನ್ನ ಕಾಕು ಮತ್ತೆ ಬಿದ್ದಳು. ಈ ಸಲ ಎಚ್ಚರವಾಗಲು ಬಹಳ ಹೊತ್ತು ಹಿಡಿಯಿತು. ಡಾಕ್ಟರು ನಮ್ಮನ್ನು ಅವಳ ಮಂಚದ ಬಳಿಯೇ ನಿಲ್ಲಿಸಿ ಹೇಳಿದರು: ಔಷಧದಿಂದ ಇನ್ನು ಆಗುವುದಿಲ್ಲ. ಮುಂಬಯಿಗೆ ಒಯ್ದು, ಬ್ಯಾಟರಿಯ ಸಣ್ಣ ಯಂತ್ರವೊಂದನ್ನು ಮೈಯೊಳಗೆ ಕೂಡಿಸಿ, ಅದರ ವೈರನ್ನು ಹೃದಯಕ್ಕೆ ಮುಟ್ಟಿಸಬೇಕು. ತಡಮಾಡಿದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು.

ಅದೇ ವಾರ ಮುಂಬಯಿಗೆ ಹೋದೆವು, ಯಂತ್ರ ಕೂಡಿತು, ಕಾಕು ಬದುಕಿದಳು. ಆದರೆ ಇಂದಿಗೂ ನನ್ನ ಕಣ್ಣು ಒದ್ದೆಯಾಗುವುದು ಆ ಮಂಚದ ಬಳಿ ಕಾಕಾ ಆಡಿದ ಮಾತಿಗೆ. ಅವರು ಈ ಸಲ ಮುಕಾದಮನ ಸುದ್ದಿ ಎತ್ತಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ಬ್ಯಾಟರಿ ಯಾಕ್ರಿ ಸಾಹೇಬ್ರ? ಒಂದು ಕೋಶ ಪಕ್ಕದ್ದನ್ನ ಎಬ್ಬಸತೈತಿ ಅಂತ ನೀವ ಹೇಳೀರಿ. ನಾ ಆಕಿ ಪಕ್ಕದಾಗನ ಅದೀನಿ. ನನ್ನ ಎದಿಯಿಂದ ಆಕಿಗೊಂದು ವೈರ ಎಳೀರಿ. ನನ್ನ ಲೈನ ಚಲೋ ಐತಿ."

ಡಾಕ್ಟರು ನಗಲಿಲ್ಲ. "ಹಂಗ ಬರೂದಿಲ್ರಿ," ಎಂದು ಮೆಲ್ಲಗೆ ಹೇಳಿ ಅವರ ಹೆಗಲ ಮೇಲೆ ಕೈಯಿಟ್ಟರು.

ಮಂದಿಯೆದುರು ಗಂಡನ ಪಕ್ಕ ಕೂಡಲೂ ನಾಚುತ್ತಿದ್ದ ಕಾಕು ಕೈ ಚಾಚಿ ಅವರ ಬೆರಳು ಹಿಡಿದು, ಮಂಚದ ಅಂಚಿಗೆ ಎಳೆದು ಕೂಡಿಸಿಕೊಂಡಳು.

"ನಿಮ್ಮದು ನಿಮ್ಮ ಕಡೇನ ಇರ್ಲಿ," ಎಂದಳು. "ಅದು ನಡದ್ರ ನಂದೂ ನಡೀತೈತಿ."